ಗಂಜಿಯ ಎರಡು ಮುಖಗಳು: ಸಾಂತ್ವನದ ಊಟದ ಚರಿತ್ರೆಗೆ ಒಂದು ಪ್ರವೇಶ

1. ಪ್ರಶ್ನೆಯ ಸ್ವರೂಪ

‘ಕಂಫರ್ಟ್ ಫುಡ್’ ಎಂಬ ಇಂಗ್ಲಿಷ್ ನುಡಿಗಟ್ಟು 1960ರ ದಶಕದಿಂದ ಅಮೆರಿಕದ ಪತ್ರಿಕೆಗಳಲ್ಲಿ ಬಳಕೆಗೆ ಬಂದಿತು. ಮನಸ್ಸು ಕುಗ್ಗಿದ ವೇಳೆಯಲ್ಲಿ ವಯಸ್ಕರು ಬಾಲ್ಯದ ಭದ್ರತೆಯನ್ನು ನೆನಪಿಗೆ ತರುವ ತಿನಿಸಿಗೆ ಮರಳುತ್ತಾರೆ ಎಂಬುದು ಅದರ ಹಿಂದಿನ ಗ್ರಹಿಕೆ. ಕನ್ನಡದಲ್ಲಿ ಇದಕ್ಕೆ ಸಮನಾದ ಒಂದೇ ಪದ ರೂಢಿಯಲ್ಲಿಲ್ಲ. ಆದರೆ ಪದವಿಲ್ಲ ಎಂದ ಮಾತ್ರಕ್ಕೆ ಸಂಗತಿಯೇ ಇಲ್ಲವೆಂದು ಹೇಳಲಾಗದು. ಜ್ವರ ಬಿಟ್ಟ ಮಗುವಿಗೆ ಬಡಿಸುವ ತಿಳಿಸಾರು ಅನ್ನ, ಪ್ರಯಾಣಕ್ಕೆ ಕಟ್ಟಿಕೊಟ್ಟ ಮೊಸರುಬುತ್ತಿ, ಹೊಲದಿಂದ ಬಂದವನ ಮುಂದಿಡುವ ಅಂಬಲಿ, ಮಳೆಗಾಲದ ರಾತ್ರಿಯ ಬಿಸಿ ಗಂಜಿ, ಇವೆಲ್ಲವೂ ಹೊಟ್ಟೆಯನ್ನು ತುಂಬಿಸುವುದರ ಜೊತೆಗೆ ಮತ್ತೇನನ್ನೋ ಮಾಡುತ್ತವೆ ಎಂಬುದು ನಮ್ಮ ಅನುಭವದ ಮಾತು. ಪ್ರಸ್ತುತ ಲೇಖನದ ಅನುಕೂಲಕ್ಕಾಗಿ ಇಂಥ ಆಹಾರವನ್ನು ‘ಸಾಂತ್ವನದ ಊಟ’ ಎಂದು ಕರೆಯಲಾಗಿದೆ.

ಆಹಾರದ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಧಾನ್ಯಗಳ ಮೂಲ, ಬೆಳೆಗಳ ಆಗಮನ, ಅರಮನೆಯ ಭಕ್ಷ್ಯಗಳು, ಹಬ್ಬದ ಅಡುಗೆ ಇವುಗಳನ್ನು ಗಮನಿಸಿದ್ದಾರೆ. ಕೆ.ಟಿ. ಅಚಯ ಅವರ 1994ರ ಗ್ರಂಥವು ಭಾರತೀಯ ಆಹಾರದ ಅಧ್ಯಯನಕ್ಕೆ ಹಾಕಿಕೊಟ್ಟ ಅಡಿಪಾಯ ದೊಡ್ಡದು. ಆದರೆ ಒಂದು ತಿನಿಸು ಎಲ್ಲಿಂದ ಬಂದಿತು ಎಂಬ ಪ್ರಶ್ನೆಗಿಂತ, ಅದು ಉಂಡವನಿಗೆ ಏನಾಗಿತ್ತು ಎಂಬ ಪ್ರಶ್ನೆ ಬೇರೆ ಬಗೆಯದು. ಸಾಂತ್ವನವು ಪದಾರ್ಥದ ಗುಣದಲ್ಲಿದೆಯೇ, ಅಥವಾ ಅದನ್ನು ಕೊಡುವವರ ಮತ್ತು ಪಡೆಯುವವರ ಸಂಬಂಧದಲ್ಲಿದೆಯೇ? ಈ ಪ್ರಶ್ನೆಯನ್ನು ಪರೀಕ್ಷಿಸಲು ಗಂಜಿಯಷ್ಟು ತಕ್ಕ ಉದಾಹರಣೆ ಮತ್ತೊಂದು ದೊರೆಯಲಾರದು. ಅಕ್ಕಿ ಮತ್ತು ನೀರು ಎಂಬ ಎರಡೇ ವಸ್ತುಗಳಿಂದಾದ ಈ ಆಹಾರ ರೋಗಿಯ ಪಥ್ಯವಾಗಿದೆ, ಕೈದಿಯ ಶಿಕ್ಷೆಯಾಗಿದೆ, ಬರಗಾಲದ ದಾನವಾಗಿದೆ, ಉಪವಾಸದ ಪಾರಣೆಯಾಗಿದೆ. ಪದಾರ್ಥ ಒಂದೇ, ಅರ್ಥಗಳು ಮಾತ್ರ ಪರಸ್ಪರ ವಿರುದ್ಧ.

2. ಪದದ ಜಾಡು

ಗಂಜಿ ಎಂಬುದು ದ್ರಾವಿಡ ಭಾಷೆಗಳಿಗೆ ಸಮಾನವಾದ ಪದ. ತಮಿಳಿನ ಕಂಜಿ, ಮಲೆಯಾಳದ ಕಞ್ಞಿ, ಕನ್ನಡ ಮತ್ತು ತೆಲುಗಿನ ಗಂಜಿ ಒಂದೇ ಮೂಲದವು. ಸಂಸ್ಕೃತದಲ್ಲಿ ಹುಳಿಗಂಜಿಗೆ ಕಾಂಜಿಕ ಎಂಬ ಪದವಿದೆ. ಕೊಂಕಣಿಗರು ಇದನ್ನೇ ಪೇಜ್ ಎನ್ನುತ್ತಾರೆ. ಅದು ಸಂಸ್ಕೃತದ ‘ಪೇಯಾ’ದಿಂದ ಬಂದುದು. ಕನ್ನಡದಲ್ಲಿ ಬಟ್ಟೆಗೆ ಹಾಕುವ ಪಿಷ್ಟವೂ ಗಂಜಿಯೇ. ಮನೆಯ ಅನ್ನದ ಪಾತ್ರೆಯಿಂದ ಬಸಿದ ನೀರು ಒಂದು ಕಡೆ ಬಡವನ ಹೊಟ್ಟೆಗೂ ಮತ್ತೊಂದು ಕಡೆ ಸಿರಿವಂತನ ಪಂಚೆಯ ಮಡಿಕೆಗೂ ಹೋಗುತ್ತಿತ್ತು ಎಂಬುದನ್ನು ಈ ಒಂದು ಪದವೇ ಹೇಳುತ್ತದೆ.

ಈ ಪದ ಕಡಲು ದಾಟಿದ ಬಗೆ ನಮ್ಮ ವಿಷಯಕ್ಕೆ ಹೆಚ್ಚು ಉಪಯುಕ್ತವಾಗಿದೆ. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಗೋವೆಯಲ್ಲಿ 1563ರಲ್ಲಿ ಅಚ್ಚು ಹಾಕಿಸಿದ ಔಷಧಿಗಳ ಸಂವಾದಗ್ರಂಥದಲ್ಲಿ, ವಾಂತಿಭೇದಿಯ ರೋಗಿಗೆ ಇಲ್ಲಿನ ವೈದ್ಯರು ಮೆಣಸು, ಜೀರಿಗೆ ಬೆರೆಸಿದ ಅಕ್ಕಿಯ ತಿಳಿಯನ್ನು ಕುಡಿಸುತ್ತಾರೆಂದೂ ಅದನ್ನು ‘ಕಾಂಜೆ’ ಎನ್ನುತ್ತಾರೆಂದೂ ದಾಖಲಿಸಿದ್ದಾನೆ. ಪೋರ್ಚುಗೀಸರ ಬಾಯಲ್ಲಿ ಅದು ‘ಕಾಂಜಾ’ ಆಯಿತು. ಇಂದು ಪೋರ್ಚುಗಲ್ಲಿನಲ್ಲಿಯೂ ಬ್ರೆಜಿಲ್‌ನಲ್ಲಿಯೂ ಕಾಂಜಾ ಎಂದರೆ ಅಕ್ಕಿ ಹಾಕಿದ ಕೋಳಿಯ ಸಾರು. ಜ್ವರದಿಂದ ಎದ್ದವರಿಗೆ, ನೆಗಡಿಯಾದವರಿಗೆ, ಮನೆಗೆ ಮರಳಿದವರಿಗೆ ಕೊಡುವಂಥದು. ಪಶ್ಚಿಮ ಕರಾವಳಿಯ ಸಸ್ಯಾಹಾರಿ ಗಂಜಿ ಅಲ್ಲಿ ಮಾಂಸದ ಸಾರಾಗಿ ಪರಿವರ್ತನೆ ಹೊಂದಿದೆ. ಪದಾರ್ಥ ಗುರುತು ಸಿಗದಷ್ಟು ಬದಲಾದರೂ ರೋಗಿಯ ಹಾಸಿಗೆಯ ಬಳಿಯ ಅದರ ಸ್ಥಾನ ಮಾತ್ರ ಬದಲಾಗಲಿಲ್ಲ. ಇಂಗ್ಲಿಷಿನ ‘ಕಾಂಜಿ’ಯೂ ಇದೇ ಮೂಲದ್ದು. ಚೀನೀಯರ ಅಕ್ಕಿಗಂಜಿಯನ್ನು ಜಗತ್ತೆಲ್ಲ ಇಂದು ಕರೆಯುವುದು ದಕ್ಷಿಣ ಭಾರತದ ಈ ಹೆಸರಿನಿಂದಲೇ.

ಇದಕ್ಕೆ ಪ್ರತಿಯಾಗಿ ಕನ್ನಡದ ‘ಕೂಳು’ ಎಂಬ ಪದದ ಗತಿಯನ್ನು ನೋಡಬಹುದು. ಹಳಗನ್ನಡದ ಕೂೞ್ ಅನ್ನ, ಆಹಾರ ಎಂಬ ಗೌರವದ ಅರ್ಥವುಳ್ಳದ್ದು. ಇಂದಿನ ಕನ್ನಡದಲ್ಲಿ ಅದು ಬಹುಮಟ್ಟಿಗೆ ಬೈಗುಳದ ಮಾತು. ದಂಡದ ಕೂಳು, ಕೂಳಿಗೆ ಗತಿಯಿಲ್ಲದವನು ಎನ್ನುವಲ್ಲಿ ಉಣ್ಣುವವನ ಮೇಲಿನ ತಿರಸ್ಕಾರವೇ ಎದ್ದು ಕಾಣುತ್ತದೆ. ತಮಿಳಿನಲ್ಲಿ ಅದರ ಜ್ಞಾತಿಪದವು ರಾಗಿ, ಸಜ್ಜೆಗಳ ಗಂಜಿಗೆ ಸಲ್ಲುತ್ತದೆ. ಆಡಿ ಮಾಸದಲ್ಲಿ ಚೆನ್ನೈಯ ಅಮ್ಮನ ಗುಡಿಗಳ ಮುಂದೆ ದೊಡ್ಡ ಪಾತ್ರೆಗಳಲ್ಲಿ ಅದನ್ನು ಕಾಯಿಸಿ ಬಂದವರಿಗೆಲ್ಲ ಪ್ರಸಾದವೆಂದು ಹಂಚುತ್ತಾರೆ. ಒಂದೇ ಬೇರಿನ ಪದ ಒಂದು ಭಾಷೆಯಲ್ಲಿ ನಿಂದೆಗೂ ಇನ್ನೊಂದರಲ್ಲಿ ಪ್ರಸಾದಕ್ಕೂ ಸಂದಿದೆ. ಇದನ್ನು ಕೇವಲ ಅರ್ಥಪಲ್ಲಟವೆಂದು ಬಿಟ್ಟುಬಿಡದೆ, ಆ ಆಹಾರವನ್ನು ಯಾರು ಯಾರಿಗೆ ಯಾವ ಭಾವದಿಂದ ಕೊಡುತ್ತಿದ್ದರು ಎಂಬ ಸಾಮಾಜಿಕ ಚರಿತ್ರೆಯ ಕುರುಹೆಂದು ಓದುವುದು ಯುಕ್ತ.

3. ಗ್ರಂಥಗಳಲ್ಲಿ ಗಂಜಿಯ ನೆಲೆ

ಕನ್ನಡದಲ್ಲಿ ಪಾಕಶಾಸ್ತ್ರದ ಪರಂಪರೆ ಹಳೆಯದು. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ (ಸು. 1025) ಸೂಪಶಾಸ್ತ್ರಕ್ಕೆ ಪ್ರತ್ಯೇಕ ಭಾಗವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದ ಪ್ರಕರಣವಿದೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ರಚಿಸಿದನು. ಈ ಗ್ರಂಥಗಳ ಒತ್ತು ಇರುವುದು ಭಕ್ಷ್ಯಗಳ ಮೇಲೆ, ಕೌಶಲದ ಮೇಲೆ, ರುಚಿಯ ವೈವಿಧ್ಯದ ಮೇಲೆ. ಇದು ಸಹಜ. ನಿತ್ಯದ ಸರಳ ಊಟವನ್ನು ಬರೆದಿಡಬೇಕಾದ ಅಗತ್ಯ ಯಾರಿಗೂ ತೋರುವುದಿಲ್ಲ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಅದು ಕೈಯಿಂದ ಕೈಗೆ ದಾಟುತ್ತದೆ. ಆದುದರಿಂದ ಸಾಂತ್ವನದ ಊಟದ ಆಧಾರಗಳನ್ನು ಪಾಕಶಾಸ್ತ್ರದ ಹೊರಗೆ ಹುಡುಕಬೇಕಾಗುತ್ತದೆ.

ಅಂಥ ಮೊದಲ ಆಧಾರ ವೈದ್ಯಗ್ರಂಥಗಳು. ಚರಕಸಂಹಿತೆಯ ಸೂತ್ರಸ್ಥಾನದ ಎರಡನೆಯ ಅಧ್ಯಾಯದಲ್ಲಿ 28 ಬಗೆಯ ಯವಾಗುಗಳನ್ನು, ಎಂದರೆ ಗಂಜಿಗಳನ್ನು, ಅವು ಯಾವ ಯಾವ ಬಾಧೆಗೆ ಹಿತವೆಂಬುದರೊಡನೆ ಹೇಳಲಾಗಿದೆ. ತಿಳಿಯಾದ ಮಂಡ, ಅಗುಳು ಸೇರಿದ ತೆಳುವಾದ ಪೇಯಾ, ಮುದ್ದೆಗಟ್ಟುವಂಥ ವಿಲೇಪಿ ಎಂದು ಇವುಗಳಲ್ಲಿ ಭೇದಗಳಿವೆ. ಶೋಧನಚಿಕಿತ್ಸೆಯಾದ ಮೇಲೆ ರೋಗಿಯನ್ನು ಪೇಯಾದಿಂದ ವಿಲೇಪಿಗೆ, ಅಲ್ಲಿಂದ ಯೂಷಕ್ಕೆ, ಕೊನೆಗೆ ವಾಡಿಕೆಯ ಊಟಕ್ಕೆ ಹಂತಹಂತವಾಗಿ ತರುವ ಸಂಸರ್ಜನ ಕ್ರಮವನ್ನು ಆಯುರ್ವೇದ ವಿಧಿಸುತ್ತದೆ. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಬುದ್ಧನು ಯಾಗುವಿನ ಹತ್ತು ಪ್ರಯೋಜನಗಳನ್ನು ಎಣಿಸಿ ಭಿಕ್ಷುಗಳಿಗೆ ಅದನ್ನು ಅನುಮತಿಸಿದ ಪ್ರಸಂಗವಿದೆ. ಆಯುಸ್ಸು, ಬಲ, ಸುಖ, ಪ್ರತಿಭೆಗಳನ್ನು ಕೊಡುವುದು, ಹಸಿವು ಬಾಯಾರಿಕೆಗಳನ್ನು ನೀಗಿಸುವುದು ಮುಂತಾದವು ಆ ಹತ್ತರಲ್ಲಿ ಸೇರಿವೆ. ಗಂಜಿಯ ಸಾಂತ್ವನದ ಮುಖಕ್ಕೆ ಇಷ್ಟು ಹಿಂದಿನ ಶಾಸ್ತ್ರೀಯ ಮನ್ನಣೆ ಇದೆ. ಜ್ವರದ ಮಗುವಿಗೆ ಗಂಜಿ ಕುಡಿಸುವ ತಾಯಿಗೆ ಈ ಗ್ರಂಥಗಳ ಹೆಸರು ತಿಳಿಯದಿದ್ದರೂ ಆಕೆಯ ಕೈ ಅದೇ ಕ್ರಮವನ್ನು ಅನುಸರಿಸುತ್ತದೆ.

ಎರಡನೆಯ ಆಧಾರ ಭಕ್ತಿಪರಂಪರೆಯ ಕಥೆಗಳು. ಶರಣ ಪರಂಪರೆಯಲ್ಲಿ ಮಾದಾರ ಚೆನ್ನಯ್ಯನ ಕಥೆ ಪ್ರಸಿದ್ಧ. ಚೋಳರಾಜನ ಮೃಷ್ಟಾನ್ನದ ನೈವೇದ್ಯವಿದ್ದರೂ ಶಿವನು ಕುದುರೆಗೆ ಹುಲ್ಲು ಹೊರುವ ಚೆನ್ನಯ್ಯನ ಅಂಬಲಿಯನ್ನು ಸವಿದನೆಂಬುದು ಅದರ ತಿರುಳು. ಕನಕದಾಸರ ‘ರಾಮಧಾನ್ಯಚರಿತ್ರೆ’ಯಲ್ಲಿ ನರೆದಲೆಗನೆಂಬ ರಾಗಿಗೂ ವ್ರೀಹಿ ಎಂಬ ಭತ್ತಕ್ಕೂ ಶ್ರೇಷ್ಠತೆಯ ಜಗಳವಾಗುತ್ತದೆ, ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಭತ್ತ ಕೆಟ್ಟು, ರಾಗಿ ಉಳಿದು, ರಾಮನಿಂದ ರಾಘವನೆಂಬ ಹೆಸರು ಪಡೆಯುತ್ತದೆ. ಈ ಎರಡು ಕಥೆಗಳೂ ಧಾನ್ಯಗಳ ಮೇಲುಕೀಳು ಜನಗಳ ಮೇಲುಕೀಳಿನ ನೆರಳೆಂಬುದನ್ನು ಬಲ್ಲವು. ಚೆನ್ನಯ್ಯನ ಕಥೆಯಲ್ಲಂತೂ ಅಂಬಲಿ ದೇವರಿಗೆ ರುಚಿಸಿದ್ದು ಅದರ ಪಾಕದಿಂದಲ್ಲ, ಅದನ್ನು ಇಟ್ಟ ಕೈಯಿಂದ ಎಂಬ ಮಾತು ಸ್ಪಷ್ಟವಾಗಿದೆ. ಆ ಕೈ ಸಮಾಜವು ಮುಟ್ಟಲೊಲ್ಲದ ಕೈಯಾಗಿತ್ತು ಎಂಬುದನ್ನು ಮರೆತರೆ ಕಥೆಯ ಅರ್ಧವೇ ಉಳಿಯುತ್ತದೆ.

ಗಾದೆಗಳು ಇದಕ್ಕೆ ವ್ಯತಿರಿಕ್ತವಾದ ಸಾಕ್ಷ್ಯ ನುಡಿಯುತ್ತವೆ. ‘ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ’ ಎಂಬಲ್ಲಿ ಅಂಬಲಿ ಬಡತನದ ಗುರುತು. ಅದನ್ನು ಕುಡಿಯುವವನು ಬೆಡಗು ತೋರಿದರೆ ನಗೆಪಾಟಲು. ಭಕ್ತಿಯ ಕಥೆ ಎತ್ತಿ ಹಿಡಿದ ಆಹಾರವನ್ನೇ ಲೋಕದ ಮಾತು ಹೀಗೆ ಕೆಳಗಿಳಿಸಿತ್ತು.

4. ಶಿಕ್ಷೆಯ ಗಂಜಿ, ಬರದ ಗಂಜಿ

ಗಂಜಿಯ ಇನ್ನೊಂದು ಮುಖವನ್ನು ವಸಾಹತುಕಾಲದ ದಾಖಲೆಗಳು ತೋರಿಸುತ್ತವೆ. 1886ರಲ್ಲಿ ಪ್ರಕಟವಾದ ‘ಹಾಬ್ಸನ್–ಜಾಬ್ಸನ್’ ಕೋಶದಲ್ಲಿ ‘ಕಾಂಜಿ ಹೌಸ್’ ಎಂಬ ಉಲ್ಲೇಖವಿದೆ. ಪಲ್ಟನ್ನಿನ ತಪ್ಪಿತಸ್ಥ ಸಿಪಾಯಿಗಳನ್ನು ಕೂಡಿಹಾಕುವ ಕೋಣೆಗೆ ಆ ಹೆಸರು. ಅಲ್ಲಿದ್ದವರಿಗೆ ವಾಡಿಕೆಯಾಗಿ ಕೊಡುತ್ತಿದ್ದ ಆಹಾರದಿಂದ ಬಂದುದು. ತಾಯಿ ರೋಗಿಗೆ ಕುಡಿಸಿದ್ದೂ ಸೆರೆಯ ಕಾವಲುಗಾರ ಕೈದಿಯ ಮುಂದೆ ತಳ್ಳಿದ್ದೂ ಒಂದೇ ಪದಾರ್ಥ.

1876ರಿಂದ 1878ರ ವರೆಗಿನ ಬರಗಾಲ ಈ ಮಾತಿಗೆ ಇನ್ನೂ ದೊಡ್ಡ ನಿದರ್ಶನ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ಇದನ್ನು ಧಾತು–ಈಶ್ವರದ ಬರವೆಂದೂ ಕರೆಯುವುದುಂಟು. ಆಗ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಮುಂಬಯಿ ಪ್ರಾಂತದ ಧಾರವಾಡ, ಕಲಾದಗಿ ಜಿಲ್ಲೆಗಳೂ ತೀವ್ರವಾಗಿ ನರಳಿದವು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಅವರು ಪರಿಹಾರದ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಅಲ್ಪ ಕಾಸು ಸಾಕೆಂದು ಗೊತ್ತುಪಡಿಸಿದರು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಅವರು ಇದು ಜೀವ ಹಿಡಿಯಲು ಸಾಲದೆಂದು ಪ್ರತಿಭಟಿಸಿದರು. ದುಡಿಯಲಾರದವರಿಗೆ ಬೇಯಿಸಿದ ಆಹಾರವನ್ನು ಹಂಚುವ ಪಾಕಶಾಲೆಗಳು ತೆರೆದವು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅನೇಕರು ಹಸಿವಿನಿಂದ ಕಂಗೆಟ್ಟಿದ್ದರೂ ಆ ಪಾಕಶಾಲೆಗಳಿಗೆ ಹೋಗಲು ಹಿಂಜರಿದರು. ಬೇಯಿಸಿದ ಆಹಾರವನ್ನು ಸ್ವೀಕರಿಸುವುದನ್ನೇ ನಿಜವಾದ ಅಗತ್ಯದ ಪರೀಕ್ಷೆಯೆಂದು ಆಡಳಿತಗಾರರು ಎಣಿಸಿದರು. ಮರ್ಯಾದೆಯುಳ್ಳವನು ಅಂಥ ಊಟಕ್ಕೆ ಕೈಚಾಚಲಾರ, ಆದುದರಿಂದ ಬಂದವನು ನಿಜವಾಗಿಯೂ ನಿರ್ಗತಿಕ ಎಂಬುದು ಅವರ ತರ್ಕ. ಜನರ ಹಿಂಜರಿಕೆಗೆ ಎರಡು ಕಾರಣಗಳಿದ್ದವು. ಒಂದು ಜಾತಿಯದು: ಯಾರು ಬೇಯಿಸಿದರೋ, ಯಾರ ಪಕ್ಕ ಕುಳಿತು ಉಣ್ಣಬೇಕೋ ಎಂಬ ಶಂಕೆ. ಇನ್ನೊಂದು ಮಾನದ್ದು: ಸಾಲಿನಲ್ಲಿ ನಿಂತು ಎಣಿಸಿಕೊಟ್ಟದ್ದನ್ನು ಪಡೆಯುವ ಅವಮಾನ. ‘ಗಂಜಿ ಕೇಂದ್ರ’ ಎಂಬ ಮಾತು ಕನ್ನಡದಲ್ಲಿ ಇಂದಿಗೂ ನೆರೆ, ಬರಗಳ ಪರಿಹಾರದ ಊಟದ ಶಿಬಿರಕ್ಕೆ ಸಲ್ಲುತ್ತದೆ. ಅಲ್ಲಿ ಬಡಿಸುವುದು ಅನ್ನ–ಸಾರು, ಚಿತ್ರಾನ್ನ ಯಾವುದೇ ಆಗಿರಲಿ, ಹೆಸರು ಮಾತ್ರ ಗಂಜಿಯದೇ. ಆಪತ್ತಿನ ನೆನಪನ್ನು ಭಾಷೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಆದರೆ ಸಾರ್ವಜನಿಕವಾಗಿ ಹಂಚಿದ ಗಂಜಿಯೆಲ್ಲ ಅವಮಾನದ್ದೇ ಎಂದು ಹೇಳುವಂತಿಲ್ಲ. ಚೆನ್ನೈಯ ಮಸೀದಿಗಳಲ್ಲಿ ರಂಜಾನ್ ತಿಂಗಳ ಸಂಜೆ ಉಪವಾಸ ಬಿಡುವ ವೇಳೆಗೆ ನೋಂಬುಗಂಜಿಯನ್ನು ಕೊಡುತ್ತಾರೆ. ಬಡವನೂ ಧನಿಕನೂ ಒಂದೇ ಸಾಲಿನಲ್ಲಿ ಕುಳಿತು ಅದನ್ನು ಕುಡಿಯುತ್ತಾರೆ. ನೆರೆಯ ಅನ್ಯಮತೀಯರೂ ಪಾತ್ರೆ ಹಿಡಿದು ಬರುವುದುಂಟು. ಇದು ಸಹ ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಹಂಚಿದ ಗಂಜಿಯೇ. ಆದರೆ ಕೊಡುವವನೂ ಅದೇ ದಿನ ಹಸಿದಿದ್ದನು ಎಂಬ ಒಂದು ವ್ಯತ್ಯಾಸವು ಅದನ್ನು 1877ರ ಪಾಕಶಾಲೆಯಿಂದ ಬೇರೆಯಾಗಿಸುತ್ತದೆ.

5. ಹೋಟೆಲಿನ ಮುಂಬಾಗಿಲು ಮತ್ತು ಹಿಂಬಾಗಿಲು

ಹೊರನಾಡಿನ ಕನ್ನಡಿಗರ ಚರಿತ್ರೆಯಲ್ಲಿ ಆಹಾರಕ್ಕಿರುವ ಸ್ಥಾನ ವಿಶಿಷ್ಟವಾದುದು. ಮುಂಬಯಿ, ಮದರಾಸು, ಪುಣೆಗಳಲ್ಲಿ ಕರಾವಳಿಯ ಕನ್ನಡಿಗರೂ ತುಳುವರೂ ಕೊಂಕಣಿಗರೂ ಅನ್ಯಭಾಷಿಕರಿಗೆ ಪರಿಚಿತರಾದದ್ದು ಮೊದಲು ಉಡುಪಿ ಹೋಟೆಲಿನ ಮೂಲಕ. ಮದರಾಸಿನಲ್ಲಿ ಕೆ. ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್, ಮುಂಬಯಿಯ ಮಾಟುಂಗಾದಲ್ಲಿ 1940ರ ಕೆಫೆ ಮದ್ರಾಸ್, 1942ರಲ್ಲಿ ಎ. ರಾಮನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಈ ಇತಿಹಾಸದ ಪ್ರಸಿದ್ಧ ಹೆಸರುಗಳು. ದಕ್ಷಿಣ ಕನ್ನಡ ಜಿಲ್ಲೆ 1956ರ ವರೆಗೆ ಮದರಾಸು ಆಡಳಿತದಲ್ಲಿತ್ತು ಎಂಬುದನ್ನು ನೆನೆದರೆ ಮುಂಬಯಿಯ ಜನ ಇವರನ್ನು ‘ಮದರಾಸಿ’ಗಳೆಂದು ಕರೆದುದಕ್ಕೆ ಕಾರಣ ತಿಳಿಯುತ್ತದೆ. ಫ್ರಾಂಕ್ ಕಾನ್ಲನ್ ಅವರ 1995ರ ಲೇಖನ ಮುಂಬಯಿಯ ಹೊರಗಿನ ಊಟದ ಬೆಳವಣಿಗೆಯನ್ನೂ, ಸ್ಟಿಗ್ ಟಾಫ್ಟ್ ಮ್ಯಾಡ್ಸನ್ ಮತ್ತು ಜೆಫ್ರಿ ಗಾರ್ಡೆಲ್ಲಾ ಅವರ 2012ರ ಲೇಖನ ಉಡುಪಿ ಹೋಟೆಲುಗಳ ಉದ್ಯಮಶೀಲತೆಯನ್ನೂ ವಿವರಿಸಿವೆ.

ಈ ಅಧ್ಯಯನಗಳು ಹೋಟೆಲಿನ ಮುಂಬಾಗಿಲಿನಿಂದ ಒಳಹೊಕ್ಕಿವೆ. ಗಿರಾಕಿಗೆ ಬಡಿಸಿದ ಇಡ್ಲಿ, ದೋಸೆ, ಸಾಂಬಾರು, ಕಾಫಿಗಳ ಮೂಲಕ ಹೊಸ ನಗರದ ಊಟದ ಸಂಸ್ಕೃತಿ ರೂಪುಗೊಂಡ ಬಗೆಯನ್ನು ಅವು ತೋರಿಸುತ್ತವೆ. ಹಿಂಬಾಗಿಲಿನಿಂದ ನೋಡಿದರೆ ಇನ್ನೊಂದು ಚಿತ್ರ ಕಾಣುತ್ತದೆ. ಹೋಟೆಲಿನಲ್ಲಿ ದುಡಿದವರು ಬಹುಮಂದಿ ಎಳೆಯ ವಯಸ್ಸಿನಲ್ಲಿ ಊರು ಬಿಟ್ಟ ಹುಡುಗರು. ಹಗಲು ತಟ್ಟೆ ತೊಳೆದು, ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ರಾತ್ರಿ ಹೋಟೆಲಿನ ನೆಲದಲ್ಲಿಯೇ ಮಲಗಿ ಬೆಳೆದ ತಲೆಮಾರದು. ಊರಿನ ಕುಚ್ಚಲಕ್ಕಿಯ ಗಂಜಿ, ಮಾವಿನ ಮಿಡಿಯ ಉಪ್ಪಿನಕಾಯಿ, ಸುಟ್ಟ ಒಣಮೀನು ಉಡುಪಿ ಹೋಟೆಲಿನ ಫಲಕದ ಮೇಲೆ ಕಾಣುವಂಥವಲ್ಲ. ಊರಿನ ಹೆಸರಿನಲ್ಲಿ ಮಾರಾಟವಾದ ತಿನಿಸು ಬೇರೆ, ಊರನ್ನು ನೆನೆದವನ ನಾಲಗೆ ಬಯಸಿದ್ದು ಬೇರೆ. ಹಬ್ಬದ ಅಥವಾ ಉಪಾಹಾರದ ತಿಂಡಿಗೆ ಮಾರುಕಟ್ಟೆ ಇತ್ತು, ಬಡವನ ಮನೆಯ ರಾತ್ರಿಯ ಊಟಕ್ಕೆ ಇರಲಿಲ್ಲ. ಸಾಂತ್ವನದ ಊಟವೆಂಬುದು ಆ ಊಟದಿಂದ ದೂರವಾದವನಲ್ಲಿಯೇ ಸ್ಪಷ್ಟ ರೂಪ ತಳೆಯುತ್ತದೆ. ಊರಿನಲ್ಲಿ ದಿನವೂ ಗಂಜಿ ಉಂಡ ಹುಡುಗನಿಗೆ ಅದು ಬೇಸರದ ಊಟ. ಗಂಜಿಯನ್ನು ತಪ್ಪಿಸಿಕೊಳ್ಳುವುದಕ್ಕೇ ಅವನು ಊರು ಬಿಟ್ಟಿರಲೂಬಹುದು. ಅದೇ ಹುಡುಗನಿಗೆ ಮುಂಬಯಿಯ ಮಳೆಯ ರಾತ್ರಿಯಲ್ಲಿ ಜ್ವರ ಬಂದಾಗ ಅದು ಬೇರೆಯೇ ಆಗಿ ಕಾಣಿಸುತ್ತದೆ.

ಮುಂಬಯಿಯ ಗಿರಣಿಗಳ ಪ್ರದೇಶದ ಖಾನಾವಳಿಗಳು ಇದೇ ಹಸಿವಿಗೆ ಇನ್ನೊಂದು ಉತ್ತರ ಕೊಟ್ಟವು. ಕುಟುಂಬವನ್ನು ಊರಲ್ಲಿ ಬಿಟ್ಟು ಬಂದ ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಮನೆಯೂಟ ಬಡಿಸಿದವರು ಹೆಂಗಸರು. 1975ರಲ್ಲಿ ಪ್ರೇಮಾ ಪುರಾವ್ ಅವರು ಕಟ್ಟಿದ ಅನ್ನಪೂರ್ಣಾ ಮಹಿಳಾ ಮಂಡಳವು ಈ ಹೆಂಗಸರನ್ನು ಸಂಘಟಿಸಿ ಬ್ಯಾಂಕಿನ ಸಾಲದ ದಾರಿ ತೋರಿತು. ಸಾಂತ್ವನದ ಊಟದ ಹಿಂದೆ ಯಾವಾಗಲೂ ಒಂದು ದುಡಿಮೆ ಇದೆ, ಆ ದುಡಿಮೆ ಬಹುಮಟ್ಟಿಗೆ ಹೆಣ್ಣಿನದು, ಮನೆಯೊಳಗೆ ಅದಕ್ಕೆ ಕೂಲಿಯಿಲ್ಲ ಎಂಬ ಸತ್ಯವನ್ನು ಖಾನಾವಳಿಯ ಲೆಕ್ಕಪುಸ್ತಕ ಮುಚ್ಚಿಡುವುದಿಲ್ಲ.

6. ಆಟಿಯ ಗಂಜಿ ಸಭಾಭವನಕ್ಕೆ ಬಂದದ್ದು

ತುಳುನಾಡಿನಲ್ಲಿ ಜುಲೈ–ಆಗಸ್ಟ್ ವೇಳೆಗೆ ಬರುವ ಆಟಿ ತಿಂಗಳು ಹಿಂದೆ ಕೊರತೆಯ ತಿಂಗಳು. ನಾಟಿಯ ಕೆಲಸ ಮುಗಿದು ಕೂಲಿಯಿಲ್ಲ, ಕಣಜದಲ್ಲಿ ಭತ್ತವಿಲ್ಲ, ಮಳೆ ಬಿಡುವುದಿಲ್ಲ. ಕೆಸುವಿನೆಲೆ, ತಜಂಕಿನ ಸೊಪ್ಪು, ಕಣಿಲೆ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ ಮುಂತಾದವು ಆ ತಿಂಗಳ ಆಸರೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ತೊಗಟೆಯ ಕಹಿ ಕಷಾಯವನ್ನು ಬರಿಹೊಟ್ಟೆಯಲ್ಲಿ ಕುಡಿದು, ಅದರ ಉಷ್ಣ ಶಮನವಾಗಲೆಂದು ಮೆಂತೆಯ ಗಂಜಿ ಉಣ್ಣುವುದು ಪದ್ಧತಿ.

ಮುಂಬಯಿಯ ತುಳು–ಕನ್ನಡ ಸಂಘಗಳು ಇಂದು ‘ಆಟಿಡೊಂಜಿ ದಿನ’ವನ್ನು ಸಭಾಭವನಗಳಲ್ಲಿ ಆಚರಿಸುತ್ತವೆ. ಪತ್ರೊಡೆ, ತಜಂಕಿನ ಪಲ್ಯ, ಮೆಂತೆಗಂಜಿ ಸಾಲಾಗಿ ಮೇಜಿನ ಮೇಲೆ ಬರುತ್ತವೆ. 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಊರಿಗೂ ಮುಂಬಯಿಗೂ ನಡುವಣ ದಾರಿ ಹತ್ತಿರವಾಗಿ, ಊರಿನ ಸೊಪ್ಪುಸದೆಗಳನ್ನು ತರಿಸುವುದೂ ಮೊದಲಿನಷ್ಟು ಕಷ್ಟವಲ್ಲ. ಕೊರತೆಯ ಊಟ ಹೀಗೆ ಹಬ್ಬದ ಊಟವಾಗಿದೆ. ಇದನ್ನು ಕೃತಕವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಹಿರಿಯರ ಹಸಿವನ್ನು ಮೊಮ್ಮಕ್ಕಳಿಗೆ ಮುಟ್ಟಿಸಲು ಬೇರೆ ಉಪಾಯ ಕಡಿಮೆ. ಆದರೂ ಸಂಶೋಧಕನು ಕೇಳಬೇಕಾದ ಪ್ರಶ್ನೆಯೊಂದಿದೆ: ಮೂವತ್ತು ಬಗೆಯ ಖಾದ್ಯಗಳ ನಡುವೆ ಇಟ್ಟ ಗಂಜಿ, ಬೇರೇನೂ ಇಲ್ಲದ ಮನೆಯ ಗಂಜಿಯನ್ನು ನೆನಪಿಸುತ್ತದೆಯೇ, ಮರೆಸುತ್ತದೆಯೇ?

7. ಕೈಯ ಪ್ರಶ್ನೆ

ಮನಶ್ಶಾಸ್ತ್ರಜ್ಞರು ಈ ಕುರಿತು ನಡೆಸಿರುವ ಪ್ರಯೋಗಗಳು ಚರಿತ್ರೆಯ ಮೇಲಿನ ಸಾಕ್ಷ್ಯಗಳೊಡನೆ ಹೊಂದುತ್ತವೆ. ಜೋರ್ಡನ್ ಟ್ರಾಯ್ಸಿ ಮತ್ತು ಶೀರಾ ಗೇಬ್ರಿಯಲ್ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನವು ಸಾಂತ್ವನದ ಆಹಾರವು ಆಪ್ತ ಸಂಬಂಧಗಳ ನೆನಪಿನೊಡನೆ ಹೆಣೆದುಕೊಂಡಿದ್ದು, ಒಂಟಿತನದ ಭಾವವನ್ನು ತಗ್ಗಿಸಬಲ್ಲುದೆಂದು ಕಂಡಿತು. 2014ರಲ್ಲಿ ಹೆದರ್ ವ್ಯಾಗ್ನರ್ ಮತ್ತು ಸಂಗಡಿಗರು, ಬೇಸರಗೊಂಡವರಿಗೆ ಅವರ ಇಷ್ಟದ ತಿನಿಸನ್ನು ಕೊಟ್ಟರೂ, ಬೇರೆ ತಿನಿಸನ್ನು ಕೊಟ್ಟರೂ, ಏನನ್ನೂ ಕೊಡದಿದ್ದರೂ ಮನಸ್ಸು ಸರಿಹೋಗುವುದು ಹೆಚ್ಚುಕಡಿಮೆ ಒಂದೇ ಬಗೆಯಾಗಿರುತ್ತದೆಂದು ತೋರಿಸಿದರು. ಇವೆರಡೂ ಮೇಲ್ನೋಟಕ್ಕೆ ವಿರುದ್ಧ. ಆದರೆ ಸಾಂತ್ವನವು ಪದಾರ್ಥದಲ್ಲಿಲ್ಲ, ಪದಾರ್ಥವು ಯಾರನ್ನು ನೆನಪಿಗೆ ತರುತ್ತದೋ ಅವರಲ್ಲಿದೆ ಎಂದು ತಿಳಿದರೆ ವಿರೋಧವು ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಆದರೆ ಈ ತೀರ್ಮಾನದಲ್ಲಿಯೇ ಒಂದು ತೊಡಕಿದೆ. ‘ಯಾರ ಕೈಯ ಊಟ’ ಎಂಬುದೇ ಸಾಂತ್ವನದ ಮೂಲವಾದರೆ, ‘ಯಾರ ಕೈಯ ಊಟ’ ಎಂಬುದೇ ಜಾತಿಯ ಮೂಲಸೂತ್ರವೂ ಹೌದು. ಪರಿಚಿತ ಕೈಯ ಹಂಬಲವೂ ಪರರ ಕೈಯ ಅಸಹ್ಯವೂ ಅಕ್ಕಪಕ್ಕದಲ್ಲಿ ವಾಸಿಸುತ್ತವೆ. 1877ರಲ್ಲಿ ಹಸಿದವನ ಕಾಲನ್ನು ಪಾಕಶಾಲೆಯ ಬಾಗಿಲಲ್ಲಿ ತಡೆದದ್ದು ಇದೇ. ‘ಬ್ರಾಹ್ಮಣರ ಹೋಟೆಲು’ ಎಂಬ ಫಲಕಗಳು ಗಿರಾಕಿಗೆ ಕೊಟ್ಟ ಭರವಸೆಯೂ ಇದೇ. 1957ರಲ್ಲಿ ಮದರಾಸಿನಲ್ಲಿ ಪೆರಿಯಾರ್ ಅವರ ಅನುಯಾಯಿಗಳು ಅಂಥ ಫಲಕದ ವಿರುದ್ಧ ಚಳವಳಿ ಹೂಡಬೇಕಾಯಿತು. ಆದುದರಿಂದ ಅಮ್ಮನ ಕೈರುಚಿಯನ್ನು ಹಾಡಿಹೊಗಳುವ ಬರವಣಿಗೆ ಮುಗ್ಧವಾಗಿ ಕಂಡರೂ, ಆ ಅಡುಗೆಮನೆಯ ಹೊಸ್ತಿಲನ್ನು ಯಾರ್‍ಯಾರು ದಾಟಲಾಗದೆ ಹೊರಗೆ ನಿಂತಿದ್ದರು ಎಂದು ಕೇಳುವುದು ಚರಿತ್ರಕಾರನ ಕರ್ತವ್ಯ. ಹೊರಗೆ ನಿಂತವನಿಗೆ ಅದೇ ಮನೆಯ ತಂಗಳು ಬಂದುದು ಎತ್ತರದಿಂದ ಸುರಿದ ಕೈಯಿಂದ.

ಹೊರಗಿದ್ದವರ ಸಾಂತ್ವನದ ಊಟಕ್ಕೂ ಚರಿತ್ರೆಯಿದೆ. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ (1979) ಸಾಕವ್ವನ ಮನೆಮಂದಿ ಕದ್ದು ತಂದ ಕಡಲೆಕಾಯಿಯನ್ನು ರಾತ್ರಿ ಬೆಂಕಿಯ ಸುತ್ತ ಕುಳಿತು ತಿಂದು ಮುಗಿಸುವ ಸನ್ನಿವೇಶವನ್ನು ಕನ್ನಡದ ಓದುಗರು ಮರೆಯಲಾರರು. ಬೆಳಗಾದರೆ ಪೊಲೀಸರು ಬರುವವರಿದ್ದಾರೆ. ಆದರೆ ಆ ರಾತ್ರಿ ಎಲ್ಲರೂ ಒಟ್ಟಿಗಿದ್ದಾರೆ, ಎಲ್ಲರಿಗೂ ತಿನ್ನಲು ಇದೆ. ಸಾಂತ್ವನದ ಊಟಕ್ಕೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಾಗಿಲ್ಲ.

ಹೊರನಾಡಿನಲ್ಲಿರುವ ಕನ್ನಡ ಸಂಶೋಧಕರ ಮುಂದೆ ಇಲ್ಲಿ ಒಂದು ತುರ್ತಿನ ಕೆಲಸವಿದೆ. ಹೋಟೆಲುಗಳ ಸ್ಥಾಪಕರ ಜೀವನ ಸ್ಮರಣ ಸಂಚಿಕೆಗಳಲ್ಲಿ ದಾಖಲಾಗುತ್ತದೆ. ತಟ್ಟೆ ತೊಳೆದ ಹುಡುಗರ, ಖಾನಾವಳಿಯ ಹೆಂಗಸರ, ಗಿರಣಿಯ ಪಾಳಿ ಮುಗಿಸಿ ಬಂದು ರೊಟ್ಟಿ ತಟ್ಟಿಕೊಂಡ ಉತ್ತರ ಕರ್ನಾಟಕದ ಕೂಲಿಗಳ ಊಟ ಎಲ್ಲಿಯೂ ಬರೆದಿಟ್ಟಿಲ್ಲ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬಾಲಕರಾಗಿ ಮುಂಬಯಿಗೆ ಬಂದವರು ಇಂದು ತೊಂಬತ್ತರ ಅಂಚಿನಲ್ಲಿದ್ದಾರೆ. ಅವರನ್ನು ಕಂಡಾಗ ಯಾವ ತಿಂಡಿ ಮಾರುತ್ತಿದ್ದಿರಿ ಎಂದು ಕೇಳುವುದರ ಜೊತೆಗೆ, ಜ್ವರ ಬಂದ ರಾತ್ರಿ ನಿಮಗೆ ಗಂಜಿ ಕಾಯಿಸಿ ಕೊಟ್ಟವರು ಯಾರು ಎಂದೂ ಕೇಳಬೇಕು. ಆ ಹೆಸರುಗಳು ದೊರೆತಲ್ಲಿ ಹೊರನಾಡ ಕನ್ನಡಿಗರ ಚರಿತ್ರೆಯ ಇನ್ನೊಂದು ಅಧ್ಯಾಯ ಬರೆಯಲು ಸಾಧ್ಯವಾದೀತು.